ಪುಣ್ಯಾಹದ ಖರ್ಚು

“ನಿಮ್ಮ ಅಡ್ವಾನ್ಸಲ್ಲಿ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡ್ಕೊಂಡಿದೀನಿ. ಪುಣ್ಯಾಹ, ಗಣಹೋಮ, ಊಟಕ್ಕೆ ಮೂರು ಸಾವಿರ. ನೀವು ಮೈಲಿಗೆ ಮಾಡಿಟ್ಟಿದ್ದನ್ನ ನಾನು ನನ್ನ ಜೇಬಿಂದ ತೊಳೀಬೇಕೇನ್ರೀ?”

ಚಾಮರಾಜಪೇಟೆಯ ನಮ್ಮ ಮನೆ ಓನರು ಯೋಗಾನಂದರು ಹೀಗೆ ಅಂದಾಗ ನನ್ನ ಗಂಡ ದಾಸಪ್ಪ ಟ್ರಂಕು ಹೊತ್ತುಕೊಂಡು ಮೆಟ್ಟಿಲಿಳಿಯುತ್ತಿದ್ದ. ಅಕ್ಕಿಪೇಟೆಯ ಮಂಡಿಯಲ್ಲಿ ಮೂಟೆ ಹೊರುವ ಬೆನ್ನು ಅದು, ಟ್ರಂಕು ಯಾವ ಲೆಕ್ಕ. ಆದರೆ ಈ ಮಾತು ಕೇಳಿ ಇಳಿಯಲೂ ಆಗದೆ ಹತ್ತಲೂ ಆಗದೆ ಅಲ್ಲೇ ನಿಂತುಬಿಟ್ಟ.

ಐದು ವರ್ಷದ ಹಿಂದೆ ಮನೆ ಕೊಡುವಾಗ ಈ ಮಹಾನುಭಾವರು ನಮ್ಮ ಜಾತಿ ಕೇಳಿರಲಿಲ್ಲ. ದೊಡ್ಡ ಮನುಷ್ಯರು ಹಾಗೆಲ್ಲ ಬಾಯಿಬಿಟ್ಟು ಕೇಳುವುದಿಲ್ಲ. “ವೆಜ್ಜಾ, ನಾನ್‌ವೆಜ್ಜಾ?” ಅಂದರು. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು ನಾನು, “ವೆಜ್ಜು” ಅಂದೆ. ಆ ಮನೆಯೊಳಗೆ ಒಂದು ಮೊಟ್ಟೆಯನ್ನೂ ಒಡೆಯಲಿಲ್ಲ. ನಾಲಿಗೆ ಕೇಳಿದಾಗ ನಮ್ಮಕ್ಕನ ಮನೆಗೆ ಹೋಗಿ ಉಂಡು ಬರುತ್ತಿದ್ದೆವು. ದಿನಾ ನಾನು ತಂದ ಸೊಪ್ಪು ಓನರ ಮನೆ ಸಾರಿನಲ್ಲೂ ಬೇಯುತ್ತಿತ್ತು, ಬಿಟ್ಟಿಯಾಗಿ. ಹೋದ ತಿಂಗಳು ಮಗಳು ವಿಶಾಖಾ ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿದಳು. ಬಾಡಿಗೆ ಕೇಳಲು ಬಂದ ಯೋಗಾನಂದರು ಅದನ್ನು ನೋಡಿದರು, ನಮ್ಮನ್ನು ನೋಡಿದರು, ಕುಡಿಯುತ್ತಿದ್ದ ಕಾಫಿ ಅಲ್ಲೇ ಬಿಟ್ಟು ಎದ್ದರು. ಮಾರನೇ ದಿನ, “ಮಗಳು ಅಳಿಯ ಬರ್ತಿದಾರೆ, ಮನೆ ಖಾಲಿ ಮಾಡಿ” ಅಂದರು. ಅವರ ಮಗಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಶ್ರೀನಗರದಲ್ಲಿ ಹೇಗೋ ಒಂದು ಮನೆ ಹಿಡಿದಿದ್ದೆವು. ಅಲ್ಲಿಯ ಓನರು ಕಲ್ಯಾಣಮ್ಮ, “ಅಡ್ವಾನ್ಸು ಭಾನುವಾರದೊಳಗೆ ಪೂರ್ತಿ ಬರ್ಬೇಕು, ಇಲ್ದಿದ್ರೆ ನಿಮ್ ಸಾಮಾನು ಬೀದೀಲಿರುತ್ತೆ” ಅಂತ ಖಡಾಖಂಡಿತ ಹೇಳಿದ್ದರು. ಇಲ್ಲಿಂದ ಬರುವ ದುಡ್ಡು ನಂಬಿಕೊಂಡೇ ನಾವು ತಲೆಯಾಡಿಸಿದ್ದು. ಈಗ ಸರಿಯಾಗಿ ಆ ಮೂರು ಸಾವಿರವೇ ಖೋತಾ.

“ಸುಣ್ಣದ್ದು ಹಿಡ್ಕೊಳ್ಳಿ ಸ್ವಾಮಿ, ಎಲ್ಲಾ ಕಡೆ ಹಿಡೀತಾರೆ. ಪೂಜೇದು ಕೊಟ್ಬಿಡಿ. ಇಲ್ದಿದ್ರೆ ನಾವು ಬೀದಿಗೆ ಬೀಳ್ತೀವಿ,” ಅಂದೆ.

“ಎಲ್ಲಾದ್ರೂ ಬೀಳು. ಶುಕ್ರವಾರ ಬೆಳಿಗ್ಗೆ ಪುರೋಹಿತ್ರು ಬರ್ತಿದಾರೆ, ನೆಂಟರಿಗೆಲ್ಲ ಹೇಳಾಗಿದೆ.”

ಐದು ವರ್ಷ ‘ಬನ್ನಿ ನಾರಾಯಣಮ್ಮ’ ಅನ್ನುತ್ತಿದ್ದ ಬಾಯಿ ನೋಡಿ, ಎಷ್ಟು ಸಲೀಸಾಗಿ ಏಕವಚನಕ್ಕೆ ಇಳಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಸಾಮಾನಿನ ಗಾಡಿ ತಳ್ಳುತ್ತ ದಾಸಪ್ಪ ದಾರಿಯುದ್ದಕ್ಕೂ ಬೈದ. “ಬಡ್ಡೀಮಗ, ನಮ್ ದುಡ್ಡಲ್ಲೇ ನಮ್ಮನ್ನ ತೊಳೀತಾನಂತೆ. ವಾಪಸ್ ಹೋಗಿ ಎರಡು ಬಿಟ್ ಬರ್ತೀನಿ.”

“ಬಿಟ್ರೆ ಸ್ಟೇಷನ್ನಲ್ಲಿ ನಿನ್ನನ್ನೇ ಕೂರಿಸ್ತಾರೆ ಅಪ್ಪ,” ಅಂದಳು ವಿಶಾಖಾ.

“ಹೊಡೆಯೋದೆಲ್ಲ ಬ್ಯಾಡ. ಪೂಜೆ ನಮ್ ದುಡ್ಡಿಂದು ತಾನೆ? ಹೋಗಣ,” ಅಂದೆ ನಾನು. ಇಬ್ಬರೂ ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದರು.

ಶುಕ್ರವಾರ ನಾನು ಅಂಗಡಿ ಹಾಕಲಿಲ್ಲ. ನನ್ನ ಮದುವೆಯ ರೇಷ್ಮೆ ಸೀರೆ, ದಾಸಪ್ಪನಿಗೆ ಇಸ್ತ್ರಿ ಪಂಚೆ, ವಿಶಾಖಾಳ ತಲೆಗೆ ಮೊಳಗಟ್ಟಲೆ ಮಲ್ಲಿಗೆ. ಬಾಳೆಹಣ್ಣಿನ ತಟ್ಟೆ ಹಿಡಿದು ಮೂವರೂ ಹೊರಟೆವು. ನಮ್ಮ ಹಳೇ ಬಾಗಿಲಿಗೆ ಮಾವಿನ ತೋರಣ, ನಡುಮನೆಯಲ್ಲಿ ರಂಗೋಲಿ, ನೆಂಟರ ಗುಂಪು. ನಾವು ಬಾಳುವಾಗ ಆ ಮನೆ ಒಂದು ದಿನವೂ ಅಷ್ಟು ಚೆಂದ ಕಂಡಿರಲಿಲ್ಲ. ಯೋಗಾನಂದರು ಮಡಿಯುಟ್ಟು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ಪುರೋಹಿತರು ದರ್ಭೆ ಬಿಡಿಸುತ್ತ ಕೂತಿದ್ದರು, ನಮ್ಮನ್ನೂ ನೆಂಟರೆಂದೇ ತಿಳಿದು “ಬನ್ನಿ ಬನ್ನಿ” ಅಂದರು.

“ಸ್ವಾಮಿ, ಒಬ್ರು ದುಡ್ಡು ಕೊಟ್ಟು ಇನ್ನೊಬ್ರು ಪೂಜೆಗೆ ಕೂತ್ರೆ ಫಲ ಯಾರ್ಗೆ?” ಅಂತ ಕೇಳಿದೆ.

“ಖರ್ಚು ಯಾರದೋ ಫಲ ಅವರದೇ ಕಣಮ್ಮ. ಸಂಕಲ್ಪಕ್ಕೆ ಅವರೇ ಕೂರ್ಬೇಕು.”

ದಾಸಪ್ಪ ಸೀದಾ ಹೋಗಿ ಮಣೆಯ ಮೇಲೆ ಕೂತ. ನಾನು ಪಕ್ಕದಲ್ಲಿ ಕೂತೆ.

ಯೋಗಾನಂದರು ಒಳಗೆ ಬಂದವರು ಕಿರುಚಿದರು. “ಏಯ್, ಏಳ್ರೋ! ಯಾರು ಒಳಗೆ ಬಿಟ್ಟಿದ್ದು ಇವರನ್ನ?”

“ನಮ್ಮ ಅಡ್ವಾನ್ಸಲ್ಲಿ ಪೂಜೇದು ಮೂರು ಸಾವಿರ ಮುರ್ಕೊಂಡ್ರಲ್ಲ ಸ್ವಾಮಿ, ಅದಕ್ಕೆ ಬಂದಿದೀವಿ,” ಅಂದ ದಾಸಪ್ಪ, ಮಂಡಿಯಲ್ಲಿ ಸಾಹುಕಾರರ ಹತ್ತಿರ ಮಾತಾಡುವಷ್ಟೇ ತಣ್ಣಗೆ. “ಮಂತ್ರ ಹೇಳ್ಸಿ, ಹೇಳ್ತೀನಿ.”

ಹಿಂದೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಅವಳ ಗಂಡ ಇರಬೇಕು, “ಶ್” ಅಂದ. ಪುರೋಹಿತರು ಯೋಗಾನಂದರ ಮುಖ ನೋಡಿದರು. “ಹೌದೇನ್ರೀ? ಬಾಡಿಗೆಯವರ ದುಡ್ಡೇನ್ರೀ ಇದು?”

“ಅದು... ಲೆಕ್ಕ ಬೇರೆ ಸ್ವಾಮಿ.”

“ಲೆಕ್ಕ ಆಮೇಲೆ ಮಾಡ್ಕೊಳ್ಳಿ. ಇವರು ಕೂರೋದಾದ್ರೆ ಇವರ ಹೆಸರು ಹೇಳ್ತೀನಿ, ನೀವು ಕೂರೋದಾದ್ರೆ ಇವರ ದುಡ್ಡು ಕೊಟ್ಟು ಕಳಿಸಿ. ಹತ್ತೂವರೆಗೆ ನಂಗೆ ಮಲ್ಲೇಶ್ವರದಲ್ಲಿ ನಾಮಕರಣ ಇದೆ.”

ಪುಣ್ಯಾತ್ಮನಿಗೆ ನಮ್ಮ ಮೇಲೆ ಪ್ರೀತಿಯೇನೂ ಇರಲಿಲ್ಲ. ಮಲ್ಲೇಶ್ವರದ ಬಸ್ಸಿನ ಚಿಂತೆ ಅಷ್ಟೆ. ನೆಂಟರೆಲ್ಲ ಯೋಗಾನಂದರನ್ನೇ ನೋಡುತ್ತಿದ್ದರು. ಅವರು ಧಡಧಡ ಒಳಗೆ ಹೋಗಿ ನೋಟು ತಂದು, ಮೈ ಸೋಕದ ಹಾಗೆ ಮೇಲಿನಿಂದ ನನ್ನ ಮುಂದೆ ಬಿಸಾಕಿದರು. ಫ್ಯಾನಿನ ಗಾಳಿಗೆ ನೋಟೆಲ್ಲ ರಂಗೋಲಿಯ ಮೇಲೆ ಚೆಲ್ಲಾಪಿಲ್ಲಿಯಾದವು.

“ತಗೊಂಡು ತೊಲಗಿ.”

ವಿಶಾಖಾ ಆಯ್ದುಕೊಳ್ಳಲು ಬಗ್ಗಿದಳು. ನಾನು ಅವಳ ಜಡೆ ಹಿಡಿದು ನಿಲ್ಲಿಸಿದೆ. ಭಾನುವಾರದ ಗಡುವು ಕಣ್ಣ ಮುಂದೆಯೇ ಇತ್ತು, ಆದರೂ ಕೈ ಮುಂದೆ ಚಾಚಿದೆ.

“ಕೈಗೆ ಕೊಡಿ ಸ್ವಾಮಿ. ಅಡ್ವಾನ್ಸು ನಾವು ಕೈಗೇ ಕೊಟ್ಟಿದ್ವಿ.”

ಪುರೋಹಿತರು ಗಡಿಯಾರ ನೋಡಿಕೊಂಡರು. ದಾಸಪ್ಪ ಮಣೆಯ ಮೇಲೆ ಇನ್ನಷ್ಟು ಸರಿಯಾಗಿ ಚಕ್ಕಳಮಕ್ಕಳ ಹಾಕಿದ. ಯೋಗಾನಂದರು ಬಾಗಿಲ ಕಡೆ ನೋಡಿದರು, ನೆಂಟರ ಕಡೆ ನೋಡಿದರು, ಆಮೇಲೆ ಮಡಿಪಂಚೆ ಎತ್ತಿ ಕಟ್ಟಿ, ನನ್ನ ಕಾಲ ಹತ್ತಿರ ಬಗ್ಗಿ, ಒಂದೊಂದೇ ನೋಟು ಹೆಕ್ಕತೊಡಗಿದರು. ನಾನು ಚಾಚಿದ ಕೈ ಹಿಂದಕ್ಕೆ ತಗೊಳ್ಳಲಿಲ್ಲ.