ಸಪ್ಪಳ ನನ್ನದು

ನಾನು ಒಂದು ಕೈಗವಸು. ಚಳಿಗೆ ಹಾಕುವ ಉಣ್ಣೆಯ ಗವಸಲ್ಲ, ಆಸ್ಪತ್ರೆಯ ರಬ್ಬರಿನದೂ ಅಲ್ಲ. ಬೇಸ್‌ಬಾಲಿನ ತಂಗಿಯಂಥ ಸಾಫ್ಟ್‌ಬಾಲ್ ಆಟ ಇದೆಯಲ್ಲ, ಅದರಲ್ಲಿ ಬಾರಿಸುವವಳ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರಿನ ಎಡಗೈ ಗವಸು ನಾನು. ಎಮ್ಮೆಯ ಚರ್ಮ, ಎಮ್ಮೆಯದೇ ಹಟ. ಬಣ್ಣ ಹೋಗಿದೆ, ಹೆಬ್ಬೆರಳಿನ ಹೊಲಿಗೆ ಎಷ್ಟು ಸಲ ಬಿಚ್ಚಿಕೊಂಡಿತೋ ಲೆಕ್ಕವಿಲ್ಲ. ಹಾಗಂತ ನನ್ನನ್ನು ಹಳೇ ಸಾಮಾನು ಅನ್ನಬೇಡಿ. ಅನ್ನಲೇಬೇಕು ಅನ್ನುವವರು ಮೊದಲು ನನ್ನ ಮೇಲೆ ಒಂದು ಚೆಂಡು ಎಸೆದು ನೋಡಲಿ, ಆಮೇಲೆ ಮಾತಾಡೋಣ.

ಹುಟ್ಟಿದ್ದು ದೂರದ ಜಲಂಧರಿನ ಒಂದು ಓಣಿಯಲ್ಲಿ. ಹೊಲಿದವನು ಚಮನ್‌ಲಾಲ್. ಜೀವಮಾನವೆಲ್ಲ ಕ್ರಿಕೆಟ್ಟಿನ ಪ್ಯಾಡು, ಗ್ಲೌಸು ಹೊಲಿದವನು ಅವನು. ಈ ಆಟವನ್ನು ಕಣ್ಣಿಂದ ಕಂಡವನೇ ಅಲ್ಲ. ಮಾದರಿಗೆಂದು ಬಂದ ಗವಸನ್ನು ಹಿಂದೆ ಮುಂದೆ ತಿರುಗಿಸಿ, ಬೆರಳೇ ಇಲ್ಲದ ಈ ಕೈ ಯಾವ ಪ್ರಾಣಿಯದಪ್ಪಾ ಎಂದು ನಕ್ಕುಬಿಟ್ಟ. ನಕ್ಕರೂ ಕೆಲಸದಲ್ಲಿ ಮೋಸ ಮಾಡಲಿಲ್ಲ. ನನ್ನ ಅಂಗೈ ಜಾಗಕ್ಕೆ ಒತ್ತೊತ್ತಾಗಿ ಉಣ್ಣೆ ತುಂಬಿದ. ಹೆಬ್ಬೆರಳಿನ ಪಕ್ಕಕ್ಕೆ ಚರ್ಮದ ದಾರದಿಂದ ಬಲೆ ಹೆಣೆದ. ಚೆಂಡು ಬಲೆಗೆ ಬಿದ್ದರೆ ಕೈಗೆ ನೋವಿಲ್ಲ, ಸಪ್ಪಳವೂ ಇಲ್ಲ. ಅಂಗೈಗೆ ಬಿದ್ದರೆ ಎರಡೂ ಉಂಟು. ಇಷ್ಟನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಕೊಂಡು ತಂದವರು ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ರೇವಣಸಿದ್ದಪ್ಪ. ಹುಡುಗಿಯರು ದೊಣ್ಣೆ ಹಿಡಿದು ಆಡುವುದೇ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೂಗು ಮುರಿದರು. ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಹುಡುಗಿಯರೂ ನನ್ನನ್ನು ಮುಟ್ಟಲು ಹಿಂಜರಿದರು. ಹೊಸ ಚರ್ಮದ ವಾಸನೆ, ಕಲ್ಲಿನಂಥ ಗಡಸು. ಕೊನೆಗೆ ಕೈ ಹಾಕಿದವಳು ಕೊಟ್ರಮ್ಮ. ಹತ್ತಿ ಗಿರಣಿ ಕೆಲಸಗಾರನ ಮಗಳು, ಗಿಡ್ಡಿ, ಗಟ್ಟಿಮುಟ್ಟು, ಬಾಯಿ ಜೋರು.

"ಇದೇನ್ ಸರ್, ದಪ್ಪ ರೊಟ್ಟಿ ಇದ್ದಂಗೈತೆ!" ಅಂದಳು.

ಅವತ್ತಿನಿಂದ ನನ್ನ ಹೆಸರು ರೊಟ್ಟಿ. ಮನೆಗೆ ಒಯ್ದು ಹರಳೆಣ್ಣೆ ತಿಕ್ಕಿ, ಹೊಟ್ಟೆಯೊಳಗೆ ಒಂದು ಚೆಂಡಿಟ್ಟು ಹಗ್ಗದಿಂದ ಬಿಗಿದು, ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಅವಳ ಅವ್ವ "ತಲೆಕೆಳಗೆ ಚರ್ಮ ಇಟ್ಕಂತಾರೇನೇ ಹುಚ್ಚಿ" ಎಂದು ಬೈದದ್ದು ಇನ್ನೂ ಕಿವಿಯಲ್ಲಿದೆ. ಹೀಗೆ ದಿನಾ ಮಾಡಿ ಮಾಡಿ ನಾನು ಅವಳ ಕೈಯ ಆಕಾರಕ್ಕೆ ಬಂದೆ. ಆಮೇಲೆ ಬೇರೆ ಯಾರ ಕೈಗೂ ನಾನು ಸರಿಯಾಗಿ ಹೊಂದಲಿಲ್ಲ, ಹೊಂದುವ ಮನಸ್ಸೂ ನನಗಿರಲಿಲ್ಲ.

ಎಸೆಯುವವರು ಇಬ್ಬರು. ಒಬ್ಬಳು ಜುಬೇದಾ. ಅವಳ ಅಪ್ಪನದು ಮಂಡಕ್ಕಿ ಭಟ್ಟಿ. ಬಿಸಿ ಮರಳಿನಲ್ಲಿ ಅಕ್ಕಿ ಮಗುಚಿ ಮಗುಚಿ ಅವಳ ತೋಳು ಉಕ್ಕಾಗಿತ್ತು. ಕೈಯನ್ನು ಗಾಲಿಯಂತೆ ಒಂದು ಸುತ್ತು ತಿರುಗಿಸಿ ಚೆಂಡು ಬಿಟ್ಟಳೆಂದರೆ ನೇರ ಬಾಣ. ಇನ್ನೊಬ್ಬಳು ಪುಷ್ಪಲತಾ. ಅವಳದು ನಿಧಾನದ ಚೆಂಡು, ಆದರೆ ಮಹಾ ಮೋಸದ್ದು. ಎದೆಯ ಎತ್ತರಕ್ಕೆ ಬರುತ್ತಿದೆ ಅನ್ನುವಷ್ಟರಲ್ಲಿ ಮೊಣಕಾಲಿಗೆ ಇಳಿದುಬಿಡುತ್ತಿತ್ತು. ಇಬ್ಬರದೂ ಬಂದು ಸೇರುತ್ತಿದ್ದದ್ದು ನನ್ನೊಳಗೇ.

ಆದರೆ ಮೊದಲ ವರ್ಷ ನಮಗೆ ಬರೀ ಸೋಲು. ಬೆಂಗಳೂರಿನಿಂದ ಬಂದ ಒಂದು ತಂಡದ ಹುಡುಗಿಯರಂತೂ ಜುಬೇದಾಳ ಚೆಂಡಿಗೆ ಹೆದರುವುದಿರಲಿ, ಮುಖಮುಖ ನೋಡಿ ನಕ್ಕರು. ಆಮೇಲೆ ಅವಳ ಎಸೆತವೆಲ್ಲ ಗುರಿ ತಪ್ಪಿತು. "ನಂಗೆ ಬರಲ್ಲ ಕಣೇ ಕೊಟ್ರಿ, ನಾಳಿಂದ ಭಟ್ಟಿಗೇ ಹೋಗ್ತೀನಿ" ಎಂದು ಗೋಳೋ ಎಂದು ಅತ್ತಳು. ಆಗ ಕೊಟ್ರಮ್ಮ ಏನು ಮಾಡಿದಳು ಗೊತ್ತೇ? ಮನೆಗೆ ಹೋಗಿ, ಗೋಣಿಚೀಲ ಹೊಲಿಯುವ ದಬ್ಬಣ ತೆಗೆದುಕೊಂಡು ನನ್ನ ಹೊಲಿಗೆ ಬಿಚ್ಚಿದಳು. ಚಮನ್‌ಲಾಲ್ ಅಷ್ಟು ಪ್ರೀತಿಯಿಂದ ತುಂಬಿದ್ದ ಉಣ್ಣೆಯನ್ನೆಲ್ಲ ಹಿರಿದು ಒಲೆಗೆ ಹಾಕಿದಳು. ಮತ್ತೆ ಹೊಲಿದಾಗ ನನ್ನ ಅಂಗೈಯಲ್ಲಿ ಉಳಿದದ್ದು ಚರ್ಮ, ಅದರ ಹಿಂದೆ ನೇರವಾಗಿ ಅವಳ ಕೈ.

ಮಾರನೆಯ ದಿನದ ಆಟದಲ್ಲಿ ಜುಬೇದಾಳ ಮೊದಲ ಚೆಂಡು ಬಂತು. ಕೊಟ್ರಮ್ಮ ಬಲೆಯಲ್ಲಿ ಹಿಡಿಯಲಿಲ್ಲ. ಬೇಕೆಂದೇ ಅಂಗೈಯೊಡ್ಡಿದಳು. ಠಪ್! ಇಡೀ ಮೈದಾನ ಬೆಚ್ಚಿತು. ಬಾರಿಸುವವಳು ಒಂದು ಹೆಜ್ಜೆ ಹಿಂದೆ ಸರಿದಳು. ಜುಬೇದಾಳಿಗೇ ಆಶ್ಚರ್ಯ, ತನ್ನ ಕೈಯನ್ನು ತಾನೇ ನೋಡಿಕೊಂಡಳು. ಎರಡನೆಯ ಚೆಂಡು ನಿಜವಾಗಿಯೂ ಜೋರಾಗಿ ಬಂತು, ಮೂರನೆಯದು ಅದಕ್ಕಿಂತ ಜೋರು. ಗೆದ್ದೆವು! ವಾಪಸ್ಸು ಬರುವಾಗ "ಏನ್ ಮಾಡಿದ್ಯೇ?" ಎಂದು ಜುಬೇದಾ ಕೇಳಿದ್ದಕ್ಕೆ ಕೊಟ್ರಮ್ಮ, "ನಾನೇನ್ ಮಾಡ್ಲಿ? ನಿನ್ನ ಕೈ ಈಗ ಬಿಸಿ ಆಗೈತೆ ಅಷ್ಟೆ" ಅಂದಳು. ಅವಳ ಅಂಗೈ ಆಗ ನೇರಳೆ ಹಣ್ಣಿನ ಬಣ್ಣ. ನನಗೆ ಗೊತ್ತಿತ್ತು, ಜುಬೇದಾಳಿಗೆ ಗೊತ್ತಿರಲಿಲ್ಲ.

ಆಮೇಲಿನ ವರ್ಷಗಳನ್ನು ಏನು ಕೇಳುತ್ತೀರಿ! ನಮ್ಮ ಆಟ ಇದ್ದ ದಿನ ಜನ ಕಾಂಪೌಂಡಿನ ಮೇಲೆ ಹತ್ತಿ ಕೂತಿರುತ್ತಿದ್ದರು. ಗೇಟಿನ ಪಕ್ಕ ಮಿರ್ಚಿ ಮಂಡಕ್ಕಿ ಮಾರುವ ಹಾಲೇಶಪ್ಪನಿಗೆ ಒಲೆಯ ಮುಂದೆ ನಿಲ್ಲಲು ಮನಸ್ಸಿಲ್ಲ. ಎಣ್ಣೆಯಲ್ಲಿ ಮಿರ್ಚಿ ಸೀದು ಹೋದರೂ ಕಣ್ಣು ಮೈದಾನದ ಕಡೆಗೇ. ಪ್ರತಿ ಸಪ್ಪಳಕ್ಕೂ "ಜುಬೇದಾ! ಜುಬೇದಾ!" ಎಂಬ ಕೂಗು. ಪುಷ್ಪಾಳ ಚೆಂಡು ಸಿಗದೆ ಬಾರಿಸುವವಳು ಬರೀ ಗಾಳಿಗೆ ದೊಣ್ಣೆ ಬೀಸಿದರೆ "ಪುಷ್ಪಾ! ಪುಷ್ಪಾ!" ಕೊಟ್ರಮ್ಮನ ಹೆಸರು ಯಾರೂ ಕೂಗಲಿಲ್ಲ. ಬೆನ್ನು ಅವರ ಕಡೆ, ಮುಖಕ್ಕೆ ಜಾಲರಿ. ಅಲ್ಲಿ ಒಬ್ಬಳು ಕೂತಿದ್ದಾಳೆ ಎಂಬುದೇ ಜನಕ್ಕೆ ಮರೆತಂತಿತ್ತು.

ರಾಜ್ಯ ತಂಡದ ಆಯ್ಕೆಗೆ ಒಬ್ಬ ದೊಡ್ಡ ಮನುಷ್ಯ ಬಂದ. ಕೊಟ್ರಮ್ಮನ ಕೈ ಅವತ್ತು ಎಷ್ಟು ಊದಿತ್ತೆಂದರೆ ನನ್ನೊಳಗೆ ತೂರಿಸಲು ಹಲ್ಲು ಕಚ್ಚಬೇಕಾಯಿತು. ಒಂದು ಬೆರಳು ಆಗಲೇ ಸೊಟ್ಟಗಾಗಿತ್ತು. ಆದರೂ ಬಲೆಯಲ್ಲಿ ಹಿಡಿಯಲಿಲ್ಲ ಆ ಪುಣ್ಯಾತ್ಗಿತ್ತಿ! ಜುಬೇದಾಳ ಆಯ್ಕೆಯಾಗಬೇಕಲ್ಲ, ಅದಕ್ಕೆ. ಕೊನೆಯ ಚೆಂಡು ಕೊಟ್ರಮ್ಮನ ಕೈಯಿಂದ ಜಾರಿ ಬಿತ್ತು. ಆ ಮನುಷ್ಯ ಜುಬೇದಾ, ಪುಷ್ಪಲತಾ ಇಬ್ಬರ ಹೆಸರು ಹೇಳಿದ. ಮೇಷ್ಟ್ರು ಕೊಟ್ರಮ್ಮನ ಮಾತೆತ್ತಿದರೆ, "ಎಸೆಯೋರು ಸಿಗೋದು ಕಷ್ಟ ಕಣ್ರೀ. ಹಿಡಿಯೋಕೆ ಯಾರಾದ್ರೂ ಆಗುತ್ತೆ" ಎಂದು ಜೀಪು ಹತ್ತಿದ.

ಯಾರಾದ್ರೂ ಆಗುತ್ತಂತೆ! ಆ ಮಾತಿಗೆ ನನ್ನ ಚರ್ಮ ಇವತ್ತಿಗೂ ಉರಿಯುತ್ತದೆ. ಕೊಟ್ರಮ್ಮ ಅತ್ತಳೆಂದುಕೊಂಡಿರಾ? ಇಲ್ಲ. ಆಟದ ಸಾಮಾನಿನ ಕೋಣೆಗೆ ಬಂದು, ಊದಿದ ಕೈಯನ್ನು ನನ್ನ ಮೇಲಿಟ್ಟು, "ರೊಟ್ಟಿ, ಬಾಯಿ ಮುಚ್ಕಂಡಿರು, ಆಯ್ತಾ? ಅವ್ಳು ಖುಷಿಯಾಗಿ ಹೋಗ್ಲಿ" ಅಂದಳು. ಬಾಗಿಲು ಹಾಕಿಕೊಂಡು ಹೋದಳು. ನಾನು ಬಾಯಿ ಮುಚ್ಚಿಕೊಂಡೆ, ಆದರೆ ಮರೆಯಲಿಲ್ಲ.

ಮುಂದೆ ಜುಬೇದಾ ರಾಜ್ಯಕ್ಕೆ ಆಡಿದಳು, ಪೇಪರಿನಲ್ಲಿ ಫೋಟೋ ಬಂತು. ಪುಷ್ಪಲತಾ ಆಡಿ, ಮದುವೆಯಾಗಿ ಮೈಸೂರಿಗೆ ಹೋದಳು. ಕೊಟ್ರಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರಾದಳು. ನಾನು ಸ್ಕೂಲಿನ ಸೊತ್ತು, ಕೋಣೆಯಲ್ಲೇ ಉಳಿದೆ. ರೇವಣಸಿದ್ದಪ್ಪ ಮೇಷ್ಟ್ರು ನಿವೃತ್ತರಾದ ಮೇಲೆ ಆಟವೂ ನಿಂತಿತು. ಒಂದಷ್ಟು ಕಾಲ ಇಲಿ ನನ್ನ ದಾರ ಕಡಿಯಿತು. ಆಮೇಲೆ ಬಿಸಿಯೂಟದ ಅಡುಗೆಯವರ ಕಣ್ಣಿಗೆ ಬಿದ್ದೆ. ಸಾಂಬಾರಿನ ಬಿಸಿ ಪಾತ್ರೆ ಇಳಿಸಲು ನನ್ನನ್ನು ಬಳಸತೊಡಗಿದರು ಅಂದರೆ ನಂಬುತ್ತೀರಾ? ಜುಬೇದಾಳ ಚೆಂಡು ಹಿಡಿದವನು ನಾನು, ನನಗೆ ಸಾಂಬಾರಿನ ಚಾಕರಿ! ಒಂದು ದಿನ ಬೇಕೆಂದೇ ಜಾರಿದೆ. ಸಾಂಬಾರು ನೆಲದ ಪಾಲಾಯಿತು. ಯಾರಿಗೂ ತಾಗಲಿಲ್ಲ, ದೇವರು ದೊಡ್ಡವನು. ಬೈದುಕೊಂಡು ನನ್ನನ್ನು ಮತ್ತೆ ಕೋಣೆಗೆ ಎಸೆದರು. ನನಗೆ ಬೇಕಾದದ್ದೂ ಅದೇ.

ಕೋಣೆಯ ಕಿಟಕಿ ಗೇಟಿನ ಕಡೆಗಿತ್ತು. ಹಾಲೇಶಪ್ಪನ ಗಾಡಿ ಈಗ ಅಂಗಡಿಯಾಗಿತ್ತು. ದಿನಾ ಸಂಜೆ ಅಲ್ಲಿ ಹಳೆಯ ಅಭಿಮಾನಿಗಳ ಸಭೆ. ಒಂದು ಜುಬೇದಾ ಪಾರ್ಟಿ, ಇನ್ನೊಂದು ಪುಷ್ಪಾ ಪಾರ್ಟಿ. ಯಾರು ದೊಡ್ಡವಳು ಎಂಬ ಜಗಳ ಮುಗಿಯುವುದೇ ಇಲ್ಲ. "ಆ ಸಪ್ಪಳ ಈಗೆಲ್ಲೈತ್ರೀ! ಪಟಾಕಿ ಹೊಡ್ದಂಗೆ!" ಎಂದು ಹಾಲೇಶಪ್ಪ ಕಣ್ಣು ಒರೆಸಿಕೊಳ್ಳುವನು. ಒಮ್ಮೆ ಯಾರೋ "ಹಿಂದೆ ಕೂತು ಹಿಡಿಯೋಳು ಒಬ್ಳಿದ್ಳಲ್ಲ?" ಎಂದು ಕೇಳಿದರು. ನಾನು ಉಸಿರು ಬಿಗಿಹಿಡಿದೆ. ಹಾಲೇಶಪ್ಪ ಜಾಲರಿ ಸೌಟು ಝಾಡಿಸುತ್ತ, "ಹ್ಞಾಂ, ಇದ್ಳು ಬಿಡು. ಹೆಸ್ರೇನೋ ನೆನಪಿಲ್ಲ" ಅಂದ. ಕೈಕಾಲಿದ್ದಿದ್ದರೆ ಅವತ್ತು ಕಿಟಕಿ ಹಾರಿ ಹೋಗಿ ಅವನ ಕಪಾಳಕ್ಕೆ ಬಾರಿಸುತ್ತಿದ್ದೆ.

ಸ್ಕೂಲಿಗೆ ಶಶಿಕಲಾ ಟೀಚರ್ ಬಂದಮೇಲೆ ಆಟಕ್ಕೆ ಮತ್ತೆ ಜೀವ ಬಂತು. ಹೊಸ ಹುಡುಗಿಯರು, ಹೊಸ ಗವಸು, ನನ್ನ ಎರಡರಷ್ಟು ದಪ್ಪದವು. ಹಳೆಯ ಆಟಗಾರ್ತಿಯರಿಗೆ ಸನ್ಮಾನ ಎಂದು ಊರೆಲ್ಲ ಸುದ್ದಿಯಾಯಿತು. ನನಗೂ ಒಂದು ಗಾಜಿನ ಪೆಟ್ಟಿಗೆ ಮಾಡಿಸಿದರು. ಒಳಗೆ ಕೆಂಪು ಬಟ್ಟೆ, ಮುಂದೆ ಹಿತ್ತಾಳೆ ಫಲಕ: 'ಜುಬೇದಾ–ಪುಷ್ಪಲತಾ ಕಾಲದ ಗ್ಲೌಸ್'. ಅತಿಥಿಗಳು ಉದ್ಘಾಟಿಸುತ್ತಾರಂತೆ, ಆಮೇಲೆ ಹೆಡ್ಮಾಸ್ಟರ ಕೋಣೆಯಲ್ಲಿ ಇಡುತ್ತಾರಂತೆ. ಬದುಕಿದ್ದಾಗಲೇ ಸಮಾಧಿ ಕಟ್ಟಿದಂತಾಯಿತು ನನಗೆ.

ಸನ್ಮಾನದ ದಿನ ಮೈದಾನ ತುಂಬಿತ್ತು. ಪುಷ್ಪಲತಾ ಹೋದ ವರ್ಷ ತೀರಿಕೊಂಡಿದ್ದಳು. ಅವಳ ಫೋಟೋಗೆ ಮಲ್ಲಿಗೆ ಹಾರ. ಜುಬೇದಾ ಬಂದಿದ್ದಳು, ಕೂದಲೆಲ್ಲ ಬಿಳಿ, ತೋಳು ಮಾತ್ರ ಹಾಗೆಯೇ. ಮೂರನೆಯ ಸಾಲಿನ ಕುರ್ಚಿಯಲ್ಲಿ ಕೊಟ್ರಮ್ಮ. ರಿಟೈರಾಗಿ ದಪ್ಪಗಾಗಿದ್ದಳು. ವೇದಿಕೆಗೆ ಅವಳನ್ನು ಕರೆದಿರಲಿಲ್ಲ.

ಶುರುವಿನಲ್ಲಿ ಜುಬೇದಾ ಕೆಲವು ಚೆಂಡು ಎಸೆಯಬೇಕೆಂದು ಹಾಲೇಶಪ್ಪನ ಕಡೆಯವರು ಹಟ ಹಿಡಿದರು. ಹಿಂದೆ ಕೂತವಳು ಹೊಸ ಹುಡುಗಿ. ಜುಬೇದಾ ಕೈ ತಿರುಗಿಸಿ ಎಸೆದಳು. ಚೆಂಡು ನೇರವಾಗಿಯೇ ಬಂತು. ಪುಸ್. ಮತ್ತೊಂದು. ಪುಸ್. ಆ ದಪ್ಪ ಗವಸು ಚೆಂಡನ್ನು ಹತ್ತಿಯಂತೆ ನುಂಗಿಬಿಟ್ಟಿತು. ಕಾಂಪೌಂಡಿನ ಮೇಲಿದ್ದ ಹುಡುಗರು "ಇದೇನಾ ನಿಮ್ಮ ಪಟಾಕಿ? ಠುಸ್ ಪಟಾಕಿ!" ಎಂದು ಸಿಳ್ಳೆ ಹಾಕಿದರು. ಹಾಲೇಶಪ್ಪ ತಲೆ ತಗ್ಗಿಸಿದ. ಜುಬೇದಾಳ ಕಣ್ಣು ತುಂಬಿತು. ಬೆಂಗಳೂರಿನವರು ನಕ್ಕ ದಿನವೂ ಹೀಗೇ ತುಂಬಿತ್ತು. ಸಾಕು ಎಂಬಂತೆ ಚೆಂಡು ಕೆಳಗಿಟ್ಟಳು.

ಕೊಟ್ರಮ್ಮ ಎದ್ದಳು. ಸೀದಾ ವೇದಿಕೆಗೆ ಬಂದು ಗಾಜಿನ ಪೆಟ್ಟಿಗೆಯ ಬಾಗಿಲು ತೆಗೆದಳು.

"ಅಮ್ಮಾ, ಅದರ ಉದ್ಘಾಟನೆ ಇನ್ನೂ ಆಗಿಲ್ಲ!" ಎಂದು ಹೆಡ್ಮಾಸ್ಟರು ಓಡಿ ಬಂದರು.

"ಈಗ ಆಗ್ತೈತಲ್ಲ ಸರ್, ನೋಡ್ತಿರ್ರಿ" ಅಂದಳು.

ಆ ಸೊಟ್ಟ ಬೆರಳು ನನ್ನೊಳಗೆ ಬಂತು. ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಿತು. ಅಯ್ಯೋ, ಎಷ್ಟು ಕಾಲವಾಗಿತ್ತು! ನನಗೆ ಅಳು ಬರುವಂತಿದ್ದರೆ ಅತ್ತುಬಿಡುತ್ತಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯ ಜಾಲರಿ ಮುಖಕ್ಕೆ ಹಾಕಿ, ಮಂಡಿ ಲಟಲಟ ಅನ್ನುತ್ತಿದ್ದರೂ ಕುಕ್ಕರಗಾಲಿನಲ್ಲಿ ಕೂತಳು. ಕಂಡಕ್ಟರ್ ಗಂಟಲಿನಲ್ಲಿ ಕೂಗಿದಳು:

"ರೈಟ್! ಬಿಡೇ ಜುಬೇದಾ!"

ಜುಬೇದಾ ಕಣ್ಣೊರೆಸಿಕೊಂಡು ಬಿಟ್ಟಳು. ಠಪ್!

ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಹಾಲೇಶಪ್ಪ ಕುರ್ಚಿ ಮೇಲೆ ಹತ್ತಿ ನಿಂತು "ಅದೇ! ಅದೇ ಸಪ್ಪಳ! ಜುಬೇದಾ! ಜುಬೇದಾ!" ಎಂದು ಕಿರುಚಿದ. ಮತ್ತೊಂದು. ಠಪ್! ಸಿಳ್ಳೆ ಹಾಕಿದ್ದ ಹುಡುಗರ ಬಾಯಿ ಕಟ್ಟಿತು. ಜುಬೇದಾ ಮಾತ್ರ ಮೂರನೆಯ ಚೆಂಡು ಎಸೆಯಲಿಲ್ಲ. ತನ್ನ ಕೈ ನೋಡಿಕೊಂಡಳು, ನಂತರ ನನ್ನನ್ನು ನೋಡಿದಳು. ನಡೆದು ಬಂದು, ಕೊಟ್ರಮ್ಮನ ಕೈಯಿಂದ ನನ್ನನ್ನು ಕಳಚಿ, ಹೆಬ್ಬೆರಳಿನಿಂದ ಅಂಗೈ ಒತ್ತಿ ನೋಡಿದಳು.

"ಕೊಟ್ರಿ, ಇದ್ರಾಗೆ ಏನೂ ಇಲ್ವಲ್ಲೇ!"

"ಇತ್ತು. ನಾನೇ ಕಿತ್ತು ಹಾಕ್ದೆ."

"ಯಾವಾಗ?"

"ನೀನು ಭಟ್ಟಿಗೆ ಹೋಗ್ತೀನಿ ಅಂತ ಅತ್ತಿದ್ಯಲ್ಲ, ಆವಾಗ."

ಜುಬೇದಾ ಅವಳ ಎಡಗೈಯನ್ನು ಬಿಡಿಸಿ ನೋಡಿದಳು. ಕೆಂಪಗೆ ಬಾಸುಂಡೆ ಎದ್ದಿತ್ತು. "ಹೇಳ್ಬಾರ್ದೇನೇ ಕೋತಿ!" ಎಂದು ಭುಜಕ್ಕೆ ಒಂದು ಗುದ್ದಿದಳು, ತಬ್ಬಿಕೊಂಡು ಅತ್ತಳು. ಆಮೇಲೆ ಅವಳನ್ನು ದರದರ ಮೈಕಿನ ಮುಂದೆ ಎಳೆದು ತಂದಳು.

"ಇಷ್ಟು ವರ್ಷ ನನಗೆ ಹಾರ ಹಾಕಿದ್ರಿ. ಆ ಸಪ್ಪಳ ನಂದಲ್ಲ, ಇವಳ ಕೈಯ್ದು! ಈ ಕೈ ನೋಡ್ರಿ ಎಲ್ರೂ!"

ಕೊಟ್ರಮ್ಮ ಮೈಕು ಕಿತ್ತುಕೊಂಡಳು. "ಸುಳ್ಳು ಹೇಳ್ಬೇಡ ಕಣೇ. ಚೆಂಡು ನಿಂದು, ಸಪ್ಪಳ ನಂದು. ಹಿಡಿಯೋಕೆ ಯಾರಾದ್ರೂ ಆಗುತ್ತೆ ಅಂದಿದ್ನಲ್ಲ ಒಬ್ಬ, ಅವ್ನಿಲ್ಲಿ ಇದ್ರೆ ಬಂದು ಕೂತ್ಕಳ್ಳಲಿ. ಜುಬೇದಾ ಎಸೀತಾಳೆ."

ಯಾರೂ ಬರಲಿಲ್ಲ. ಆಮೇಲೆ ಕಾಂಪೌಂಡಿನ ಮೇಲಿಂದ ಶುರುವಾಯಿತು, ಇಡೀ ಮೈದಾನ ಕೂಗಿತು: "ಕೊಟ್ರಮ್ಮ! ಕೊಟ್ರಮ್ಮ!" ಆ ಹೆಸರನ್ನು ಜನರ ಬಾಯಲ್ಲಿ ಕೇಳಲೆಂದೇ ನಾನು ಇಲಿಗೂ ಸಾಂಬಾರಿಗೂ ಜಗ್ಗದೆ ಉಳಿದಿದ್ದೆ.

ಈಗ ಹಾಲೇಶಪ್ಪನ ಅಂಗಡಿಯ ಮುಂದೆ ಮೂರನೆಯದೊಂದು ಪಾರ್ಟಿ ಹುಟ್ಟಿದೆ, ಅದಕ್ಕೆ ಅವನೇ ಲೀಡರು. "ಎಲ್ಲಾ ಆ ಹಿಡಿಯೋಳ ಕೈಯಾಗೈತೆ ಅಂತ ನಾನ್ ಅವತ್ತೇ ಹೇಳಿದ್ದೆ" ಎಂದು ಬಂದವರಿಗೆಲ್ಲ ಬೊಗಳೆ ಬಿಡುತ್ತಾನೆ. ಬಿಡಲಿ, ಹೆಸರು ನೆನಪಾಯಿತಲ್ಲ.

ನಾನೋ, ಸಂಜೆಯಾದರೆ ಮೈದಾನದಲ್ಲಿ ಇರುತ್ತೇನೆ. ಕೊಟ್ರಮ್ಮ ಒಂದು ಸ್ಟೂಲಿನ ಮೇಲೆ ಕೂತು ನನ್ನನ್ನು ಹಾಕಿಕೊಂಡು ಹುಡುಗಿಯರ ಚೆಂಡು ಹಿಡಿಯುತ್ತಾಳೆ. ಹೊಸಬಳು ಹೆದರಿದ ದಿನ ಅಂಗೈಗೆ, ಮಿಕ್ಕ ದಿನ ಬಲೆಗೆ. ಇನ್ನೆಷ್ಟು ದಿನವೋ ಗೊತ್ತಿಲ್ಲ. ಹರಿಯುವುದಾದರೆ ಚೆಂಡಿಗೇ ಹರಿಯುತ್ತೇನೆ, ಹುಳ ತಿಂದು ಅಲ್ಲ. ಹೆಡ್ಮಾಸ್ಟರ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ ಹಾಗೇ ಇದೆ, ಹಿತ್ತಾಳೆ ಫಲಕದಲ್ಲಿ ಕೊಟ್ರಮ್ಮನ ಹೆಸರೂ ಸೇರಿದೆ. ಬಂದವರು, ಇದೇನು ಪೆಟ್ಟಿಗೆ ಖಾಲಿ ಎಂದು ಕೇಳಿದರೆ, ಅಟೆಂಡರ್ ಕಿಟಕಿಯ ಕಡೆ ಕೈ ತೋರಿಸುತ್ತಾನೆ.

"ಅದು ಆಡಾಕೆ ಹೋಗೈತ್ರೀ" ಅನ್ನುತ್ತಾನೆ.