ಆರೋಗ್ಯವಂತರ ಪಟ್ಟಿಯಲ್ಲಿ ನನ್ನ ರಕ್ತ

ಪಾಲಾರಿವಟ್ಟದ ನಮ್ಮ ಆಫೀಸಿನಲ್ಲಿ ನನ್ನಷ್ಟು ಗಟ್ಟಿ ದೇಹ ಇನ್ನೊಂದಿರಲಿಲ್ಲ. ಕೂತ ಜಾಗದಲ್ಲೇ ಇಪ್ಪತ್ತೇಳು ಪೊರೋಟ ಮುಗಿಸಿದವನು ನಾನು. ಆಮೇಲೆ ಹೋಟೆಲಿನ ಅಡುಗೆಯವನು ಮೂರು ದಿನ ರಜೆ ಹಾಕಿದ. ಹಾಗಾಗಿ 2008ರಲ್ಲಿ, ತಿರುವನಂತಪುರದ ಪ್ರಯೋಗಾಲಯವೊಂದರಲ್ಲಿದ್ದ ದೊಡ್ಡಪ್ಪನ ಮಗಳು ನಿರ್ಮಲಕ್ಕ, ರೋಗಿಗಳ ರಕ್ತದ ಜೊತೆ ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕು ಎಂದಾಗ, ಕೇರಳಕ್ಕೆಲ್ಲ ನಾನೊಬ್ಬನೇ ಸಾಕೆಂದು ರೈಲು ಹತ್ತಿದೆ.

ಅವಳು ವಿವರಿಸಿದ್ದು ಇಷ್ಟು: ಮೈ ಕಾಯಬೇಕಾದ ರಕ್ತಕಣಗಳು ಕೆಲವರಲ್ಲಿ ಸ್ವಂತ ಮೈಯ ಮೇಲೇ ತಿರುಗಿಬಿದ್ದು ಕೀಲುಗಳನ್ನು ಹಾಳುಮಾಡುತ್ತವೆ. ಆ ಕಣಗಳಿಗೆ ಲಗಾಮು ಹಾಕುವುದರಲ್ಲಿ ಜೀವಕೋಶದೊಳಗಿನ ಪುಟ್ಟ ಪುಟ್ಟ ಆರ್‌ಎನ್‌ಎ ಅಣುಗಳ ಕೈಯೂ ಇದೆ. ತಾವು ಪ್ರೋಟೀನು ತಯಾರಿಸುವುದಿಲ್ಲ, ಬೇರೆ ಆರ್‌ಎನ್‌ಎಗಳು ತಯಾರಿಸುವುದನ್ನು ತಡೆಯುತ್ತವೆ. ರೋಗಿಗಳಲ್ಲಿ ಅವು ಏರುಪೇರಾಗಿವೆಯೇ ಎಂದು ಅವಳು ಅಳೆಯುತ್ತಿದ್ದಳು. ಅರ್ಜಿಯಲ್ಲಿ ಕೀಲುನೋವು, ಬಿಗಿತ ಇದೆಯೇ ಎಂದು ಕೇಳಿದ್ದರು. ಇಲ್ಲ ಎಂದು ಬರೆದೆ. ಆ ಎರಡಕ್ಷರ ಬರೆಯುವಷ್ಟರಲ್ಲಿ ಪೆನ್ನು ಎರಡು ಸಲ ಬಿತ್ತು.

ರಕ್ತ ಕೊಟ್ಟು ಮೂರು ವಾರದ ಮೇಲೆ ಅಕ್ಕನ ಫೋನು. ಬೆಳಗಿನ ರೈಲಿಗೇ ಬಾ ಎಂದಳು, ಕಾರಣ ಹೇಳಲಿಲ್ಲ. ರೈಲು ವರ್ಕಲ ದಾಟುವಷ್ಟರಲ್ಲಿ ನನ್ನ ಕಣಗಳು ಮಂಡಿಚಿಪ್ಪು ತಿಂದು ಮುಗಿಸಿ ಬೆನ್ನುಮೂಳೆಗೆ ಕೈಹಾಕಿದ್ದವು.

ಕಂಪ್ಯೂಟರಿನಲ್ಲಿ ರೋಗಿಗಳು ಕೆಂಪು ಚುಕ್ಕೆ, ಆರೋಗ್ಯವಂತರು ನೀಲಿ. ಕೆಂಪಿನ ನಟ್ಟನಡುವೆ ಒಂದು ನೀಲಿ ಕೂತಿತ್ತು. ಯಾರದೆಂದು ನಾನು ಕೇಳಲಿಲ್ಲ.

"ಇದೊಂದನ್ನೇ ನೋಡಿ ಕಾಯಿಲೆ ಅನ್ನಕ್ಕಾಗಲ್ಲ ಕಣೋ ಕೌಶಿಕ," ಎಂದಳು. "ಬೆಳಗ್ಗೆ ಎದ್ದಾಗ ಬೆರಳು ಬಿಗಿಯುತ್ತಾ? ಎಷ್ಟು ಹೊತ್ತು?"

"ಎರಡು ನಿಮಿಷ."

"ನಿನ್ನ ಬಾಯಲ್ಲಿ ಇಷ್ಟು ಚಿಕ್ಕ ಲೆಕ್ಕ ನಾನು ಕೇಳೇ ಇಲ್ಲ."

ಅವಳು ನಗಲಿಲ್ಲ. ಚಹಾದ ಲೋಟ ನನ್ನೆದುರು ಇಟ್ಟು ನನ್ನ ಕೈಯನ್ನೇ ನೋಡಿದಳು. ಒಂದು ಕೈಯಲ್ಲಿ ಎತ್ತಲು ಹೋದೆ, ಬೆರಳು ಮಡಚಲಿಲ್ಲ. ಎರಡು ಅಂಗೈ ಒತ್ತಿ ಎತ್ತಿದೆ. ಚಹಾ ತುಳುಕಿತು. ನನ್ನ ಅಂಗಿಯ ತೋಳಿನ ಗುಂಡಿ ಹಾಕಿರಲಿಲ್ಲವೆಂಬುದು ಅವಳ ಕಣ್ಣಿಗೆ ಆಗಲೇ ಬಿದ್ದಿತ್ತು.

"ಎರಡು ಗಂಟೆ ಅಕ್ಕ," ಎಂದೆ. "ಆರು ತಿಂಗಳಾಯ್ತು. ದಿನಾ ಹೆಚ್ಚಾಗ್ತಿದೆ. ನಂಗೆ ಭಯ ಆಗ್ತಿದೆ."

ಅವಳು ನನ್ನ ಗುಂಡಿ ಹಾಕಿದಳು, ಆರೋಗ್ಯವಂತರ ಪಟ್ಟಿಯಿಂದ ನನ್ನನ್ನು ತೆಗೆದಳು, ಕೀಲುರೋಗದ ಡಾಕ್ಟರಿಗೆ ಫೋನು ಮಾಡಿದಳು.

ಆಸ್ಪತ್ರೆಯಲ್ಲಿ ಮತ್ತೆ ಅದೇ ಪ್ರಶ್ನೆಯ ಅರ್ಜಿ. ಇದೆ, ಎರಡು ಗಂಟೆ ಎಂದು ಅಕ್ಕನ ಕೈಲಿ ಬರೆಸಿದೆ. ಕೆಳಗೆ ಸಹಿ ಮಾತ್ರ ನಾನೇ ಮಾಡಬೇಕಿತ್ತು; ಅವಳು ಪೆನ್ನಿಗೆ ಕರವಸ್ತ್ರ ಸುತ್ತಿ ದಪ್ಪ ಮಾಡಿ ಕೊಟ್ಟಳು.