ಕಡ್ಡಿ ನಿಂತ ಕಡೆ ಗೆರೆ

ಕಕ್ಷೆ ಸಾಹೇಬರಿಗೆ ಆ ಹೆಸರು ಬಂದದ್ದು ಕಚೇರಿಯಲ್ಲಿ. ಕ್ಯಾಂಟೀನಿನಲ್ಲಿ ಯಾರು ಯಾವ ಮಾತು ತೆಗೆದರೂ, ಅದು ಮಗಳ ಮದುವೆಯಾಗಲಿ, ಮಂಡಿನೋವಾಗಲಿ, ಮೂರನೆಯ ವಾಕ್ಯದೊಳಗೆ ಅವರು ಅದನ್ನು ಉಪಗ್ರಹದ ಕಕ್ಷೆಗೆ ತಂದು ನಿಲ್ಲಿಸುತ್ತಿದ್ದರು. ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರುಗಳಿಗಾಗಿ ಕೈಪಿಡಿ ಬರೆಯುವುದು ಅವರ ಕೆಲಸ. ಇಟ್ಟಿಗೆಯಷ್ಟು ದಪ್ಪದ ಆ ಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಬರೆದ ನಾನೊಬ್ಬನೇ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಸಂಜೆ ಮನೆಯಲ್ಲಿ ಕೂತು ಬರೆದ ಪುಸ್ತಕಗಳ ಸಂಗತಿಯೇ ಬೇರೆ. ತೆಳ್ಳಗಿನವು, ಬಣ್ಣದ ರಟ್ಟಿನವು, ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದಾದವು. ಖಗೋಳವೆಂಬ ಕಬ್ಬಿಣದ ಕಡಲೆಯನ್ನು ಹುರಿಗಡಲೆ ಮಾಡಿ ಕೊಡುತ್ತಾರೆ ಎಂದು ಪತ್ರಿಕೆಯವರು ಹೊಗಳಿದ್ದು ಇವುಗಳನ್ನೇ.

ಹುರಿದದ್ದು ತಾವಲ್ಲ, ಹೆಂಡತಿ ಎಂದು ಸಾಹೇಬರು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದರು. ಬಾಯಿಬಿಟ್ಟು ಅವಳಿಗೆ ಹೇಳಿರಲಿಲ್ಲ, ಆ ಮಾತು ಬೇರೆ. ಒಂದು ಅಧ್ಯಾಯ ಮುಗಿಯಿತೆಂದರೆ ಸಂಜೆ ಮುಂದಿನ ಕೋಣೆಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಎದುರಿನ ಕುರ್ಚಿಯಲ್ಲಿ ಹೆಂಡತಿ ಸ್ವೆಟರ್ ಹೆಣೆಯುತ್ತ ಕೂರುವಳು. ಹೆಣಿಗೆ ಕಡ್ಡಿಗಳ ಟಿಕ್ ಟಿಕ್ ನಡೆದಿರುವವರೆಗೆ ಓದು ಸಲೀಸು. ಕಡ್ಡಿ ನಿಂತಿತೋ, ಅಲ್ಲೇನೋ ಎಡವಟ್ಟಾಗಿದೆ, ಸಾಮಾನ್ಯ ಓದುಗರ ತಲೆಗೆ ಹೋಗಿಲ್ಲ ಎಂದು ಲೆಕ್ಕ. ಸಾಹೇಬರು ತಲೆ ಎತ್ತಿ "ಯಾವ ಸಾಲು?" ಎನ್ನುವರು. ಅವಳು ಒಂದು ಗಳಿಗೆ ಅವರ ಮುಖ ನೋಡಿ "ಅದೇ, ಈಗ ಓದಿದ್ರಲ್ಲ" ಎನ್ನುವಳು. ಅವರು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಮುಂದಕ್ಕೆ ಓದುವರು. ಗೆರೆ ಬಿದ್ದಲ್ಲೆಲ್ಲ ಮರುದಿನ ಹೊಸದಾಗಿ ಬರೆಯುವರು. ಇಷ್ಟೂ ವರ್ಷ ಪುಸ್ತಕಗಳು ಆದದ್ದು ಹೀಗೆ.

ಹೆಂಡತಿ ತೀರಿಹೋಗಿ ವರ್ಷ ತುಂಬಿತ್ತು. ಅವಳಿದ್ದಾಗ ಶುರುವಾದ ಪುಸ್ತಕ ಕೊನೆಯ ಅಧ್ಯಾಯದಲ್ಲಿ ಬಂದು ಕೂತಿತ್ತು. ಬರೆದದ್ದೇನೋ ಆಗಿತ್ತು, ಆದರೆ ಕಳಿಸಲು ಕೈ ಬರಲಿಲ್ಲ. ಗೆರೆಯೇ ಇಲ್ಲದ ಹಾಳೆಗಳನ್ನು ಕಂಡರೆ ಅವರಿಗೆ ಭಯವಾಗುತ್ತಿತ್ತು. ಪ್ರಕಾಶಕಿ ಫೋನಿನಲ್ಲಿ "ಸರ್, ಮುಂದಿನ ವಾರ ಆಗದಿದ್ರೆ ಕೊನೆಯ ಅಧ್ಯಾಯ ಬಿಟ್ಟೇ ಅಚ್ಚಿಗೆ ಕೊಡ್ತೀನಿ" ಎಂದಳು. ಹೆದರಿಸಲು ಹೇಳಿದ್ದಲ್ಲ, ಪಾಪ, ಅವಳಿಗೂ ಕಾದು ಕಾದು ಸಾಕಾಗಿತ್ತು. ಅದು ಹೆಂಡತಿ ಕೇಳಿದ ಕಡೆಯ ಪುಸ್ತಕ. ಅವಳ ಕಡ್ಡಿಯ ಪರೀಕ್ಷೆಯಾಗದೆ ಮುಗಿದರೆ ಅವಳನ್ನು ನಡುದಾರಿಯಲ್ಲಿ ಇಳಿಸಿಬಿಟ್ಟಂತೆ ಎಂದು ಸಾಹೇಬರಿಗೆ ಅನ್ನಿಸಿತ್ತು.

ಕೇಳುವವರನ್ನು ಹುಡುಕಿದರು. ಹಳೆಯ ಸಹೋದ್ಯೋಗಿಯೊಬ್ಬರು ಬಂದರು, ಮೊದಲ ಪುಟದಲ್ಲೇ "ತೂಕ ಅಂತ ಯಾಕೆ ಬರೆದ್ರಿ, ದ್ರವ್ಯರಾಶಿ ಅನ್ನಿ" ಎಂದು ಶುರುಮಾಡಿ ಮನೆಗೆ ಹೋಗುವವರೆಗೂ ನಿಲ್ಲಿಸಲಿಲ್ಲ. ಆಮೇಲೆ ಸಾಹೇಬರು ಕ್ಷೌರದ ಅಂಗಡಿಗೆ ಹಾಳೆಗಳನ್ನು ಒಯ್ದರು. ಅವರು ಓದುತ್ತ ಹೋದರು, ಕತ್ತರಿ ಎಲ್ಲೂ ನಿಲ್ಲದೆ ಕಚಕಚ ಎನ್ನುತ್ತಲೇ ಇತ್ತು. ಅಂತೂ ಅಧ್ಯಾಯ ಪಾಸಾಯಿತು ಎಂದು ಹಿಗ್ಗಿ ಮನೆಗೆ ಬಂದು ಕನ್ನಡಿ ನೋಡಿಕೊಂಡಾಗ ತಲೆ ಹೆಚ್ಚುಕಡಿಮೆ ಬೋಳಾಗಿತ್ತು. ಕ್ಷೌರಿಕ ಒಂದಕ್ಷರ ಕೇಳಿರಲಿಲ್ಲ. ಸಾಹೇಬರು ಒಬ್ಬರೇ ನಕ್ಕರು. ನಗುವನ್ನು ಹಂಚಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಅದು ಬೇಗ ಮುಗಿಯಿತು.

ಆ ಭಾನುವಾರ ನಾದಿನಿ ಬಂದಳು. ಹೆಂಡತಿಯ ತಂಗಿ, ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು. ತಿಂಗಳಿಗೊಮ್ಮೆ ಒಂದು ಚೀಲ ಹಣ್ಣು, ಒಂದು ಚೀಲ ಬೈಗುಳ ಹೊತ್ತು ಬಂದು ಭಾವನನ್ನು ನೋಡಿಕೊಂಡು ಹೋಗುತ್ತಿದ್ದಳು.

"ಇದೇನ್ ಭಾವ ತಲೆ? ಯಾರ ಮೇಲಿನ ಕೋಪ ಇದು?"

"ಅದಿರಲಿ. ನಿನ್ನಿಂದ ಒಂದು ಉಪಕಾರ ಆಗ್ಬೇಕು."

"ಅಡುಗೆ ಮಾಡೋದು ಬಿಟ್ಟು ಏನ್ ಬೇಕಾದ್ರೂ ಕೇಳಿ."

"ನಾನು ಓದ್ತೀನಿ. ನೀನು ಆ ಕುರ್ಚೀಲಿ ಕೂತು ಹೆಣೀಬೇಕು."

"ನನಗೆಲ್ಲಿ ಬರುತ್ತೆ ಹೆಣಿಗೆ! ಇಂಜೆಕ್ಷನ್ ಸೂಜಿ ಕೊಡಿ, ಬೇಕಾದ್ರೆ ಹಿಡೀತೀನಿ."

ಸಾಹೇಬರು ನಗಲಿಲ್ಲ. ಒಳಗಿನಿಂದ ಉಲ್ಲನ್ನಿನ ಬುಟ್ಟಿ ತಂದು ಅವಳ ಮಡಿಲಲ್ಲಿಟ್ಟರು. ಅಕ್ಕನ ಕಡ್ಡಿಗಳನ್ನು ಅವಳು ಗುರುತು ಹಿಡಿದಳು. ಬಂದಂತೆ ಕಡ್ಡಿ ಆಡಿಸತೊಡಗಿದಳು. ಟಿಕ್ ಟಿಕ್ ಶುರುವಾಯಿತು. ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಹಾಳೆಗೆ ತಲೆ ಬಗ್ಗಿಸಿದರು.

"'ಕಕ್ಷೆಯಲ್ಲಿರುವ ಯಾತ್ರಿಗೆ ತನ್ನ ತೂಕವೇ ಗೊತ್ತಾಗುವುದಿಲ್ಲ. ಹಾಗೆಂದು ಅಲ್ಲಿ ಗುರುತ್ವ ಇಲ್ಲವೆಂದಲ್ಲ. ನೆಲದ ಮೇಲಿರುವುದರಲ್ಲಿ ಹತ್ತಿರ ಹತ್ತಿರ ಹತ್ತಕ್ಕೆ ಒಂಬತ್ತು ಪಾಲು ಅಲ್ಲೂ ಇದೆ. ಆದರೆ ಯಾತ್ರಿಯೂ ನೌಕೆಯೂ ಒಂದೇ ಸಮನೆ, ಒಟ್ಟೊಟ್ಟಿಗೆ ಬೀಳುತ್ತಿರುವುದರಿಂದ...'"

ಕಡ್ಡಿ ನಿಂತಿತು. ಒಂದು ವರ್ಷದ ಮೇಲೆ ಈ ಕೋಣೆಯಲ್ಲಿ ಕಡ್ಡಿ ನಿಂತಿತ್ತು. ಸಾಹೇಬರು ಪೆನ್ಸಿಲ್ ಹಿಡಿದು, ಹಿಗ್ಗಿನಿಂದಲೇ ತಲೆ ಎತ್ತಿ ಕೇಳಿದರು: "ಯಾವ ಸಾಲು?"

ನಾದಿನಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ ಭಾವ, ಇದೇನಾ ಅದು? ಅಕ್ಕ ಹೇಳ್ತಿದ್ದ 'ಯಾವ ಸಾಲು' ಇದೇನಾ?"

"ಹೌದು. ಅವಳಿಗೆ ಎಲ್ಲಿ ಅರ್ಥ ಆಗಲ್ವೋ ಅಲ್ಲಿ ಕಡ್ಡಿ ನಿಲ್ಲಿಸ್ತಿದ್ಲು."

"ಅರ್ಥ ಆಗದೆ? ಹಾಗಂತ ತಿಳ್ಕೊಂಡಿದ್ರಾ?" ಅವಳಿಗೆ ನಗುವೂ ಬಂದಿತ್ತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂದಿತ್ತು. "ನಿಮಗೇನಾದ್ರೂ ಹೇಳೋದಿದ್ದಾಗ ನಿಲ್ಲಿಸ್ತಿದ್ಲು ಭಾವ. ಕಡ್ಡಿ ನಿಲ್ಲಿಸಿದ್ರೆ ಮಾತ್ರ ನೀವು ತಲೆ ಎತ್ತುತ್ತಿದ್ರಂತೆ. ಎತ್ತಿದವ್ರು 'ಯಾವ ಸಾಲು' ಅಂದ್ರೆ ಅವಳೇನು ಹೇಳ್ತಾಳೆ? ಮಾರನೇ ದಿನ ನನಗೆ ಫೋನ್ ಮಾಡಿ ಹೇಳ್ತಿದ್ಲು."

ಸಾಹೇಬರಿಗೆ ಮೊದಲು ತೋಚಿದ್ದು ವಾದ. ಓದಿದವರ ಗುಣ, ಮನೆ ಮುಳುಗುತ್ತಿದ್ದರೂ ಲೆಕ್ಕ ಸರಿಯಾಗಬೇಕು. "ಆದ್ರೆ ಗೆರೆ ಹಾಕಿದ ಸಾಲೆಲ್ಲ ತಿದ್ದಿದ ಮೇಲೆ ನಿಜಕ್ಕೂ ಚೆನ್ನಾಗಿ ಆಗ್ತಿದ್ವು."

"ಯಾವ ಸಾಲನ್ನ ಎರಡು ಸಲ ಬರೆದ್ರೂ ಚೆನ್ನಾಗೇ ಆಗುತ್ತೆ ಭಾವ."

ರಸ್ತೆಯಲ್ಲಿ ಯಾರೋ ಬೈಕ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಅದು ಹೊರಟುಹೋದ ಮೇಲೆ ಸಾಹೇಬರು ಕೇಳಿದರು: "ಏನಿತ್ತು ಹೇಳೋಕೆ?"

"ಏನೇನೋ. ಈಗ ಇದನ್ನ ಓದಿದ್ರಲ್ಲ, ಕೇಳಿ ನೆನಪಾಯ್ತು, ಅದಕ್ಕೇ ಕೈ ನಿಂತಿದ್ದು. ಅಕ್ಕ ಈಜು ಕಲಿತದ್ದು ನಿಮಗೆ ಗೊತ್ತಾ?"

"ಯಾರು?"

"ನೋಡಿ ಮತ್ತೆ. ನೀವು ಕಚೇರಿಗೆ ಹೋದ ಮೇಲೆ ಈಜುಕೊಳಕ್ಕೆ ಹೋಗ್ತಿದ್ಲು, ಹೆಂಗಸರ ಪಾಳೀಲಿ. ಐವತ್ತು ದಾಟಿತ್ತು ಆಗ ಅವಳಿಗೆ. ಮೊದಲು ನೀರು ಕಂಡ್ರೆ ಜೀವ ಬಾಯಿಗೆ ಬರ್ತಿತ್ತಂತೆ. ಒಂದಿನ ಅಂಗಾತ ತೇಲೋಕೆ ಬಂತು ನೋಡಿ, ಚಿಕ್ಕ ಮಗು ಥರ ಕುಣಿದುಬಿಟ್ಲು. ಫೋನಲ್ಲಿ ಹೇಳಿದ್ಲು, 'ಯಾರೋ ನನ್ನನ್ನ ಎತ್ತಿಕೊಂಡಿದಾರೆ ಕಣೇ, ಆದ್ರೆ ಎತ್ತಿಕೊಂಡ ಕೈ ಎಲ್ಲಿದೆ ಅಂತಲೇ ಗೊತ್ತಾಗಲ್ಲ' ಅಂತ. ಇವರು ಇದನ್ನೇ ತಾನೇ ಬರೀತಿರ್ತಾರೆ, ಕೇಳಿದ್ರೆ ಖುಷಿ ಪಡ್ತಾರೆ ಅಂತ ಹೇಳೋಕೆ ಕಡ್ಡಿ ನಿಲ್ಲಿಸಿದ್ಲಂತೆ. ನೀವು ಗೆರೆ ಎಳೆದು ಮುಂದಕ್ಕೆ ಹೋದ್ರಂತೆ."

ಸಾಹೇಬರ ತಲೆ ತನ್ನ ಕೆಲಸ ತಾನು ಮಾಡಿತು. ನೀರಿನಲ್ಲಿ ತೇಲುವುದಕ್ಕೂ ಕಕ್ಷೆಯಲ್ಲಿ ಬೀಳುವುದಕ್ಕೂ ಸಂಬಂಧವಿಲ್ಲ, ಕೈಪಿಡಿಯಲ್ಲಾಗಿದ್ದರೆ ಇದನ್ನು ಹೊಡೆದುಹಾಕಬೇಕಿತ್ತು. ಆದರೆ ಈ ಅಧ್ಯಾಯಕ್ಕೆ, ಸಾಮಾನ್ಯ ಓದುಗರಿಗೆ, ಇದಕ್ಕಿಂತ ಒಳ್ಳೆಯ ಮಾತು ಹುಟ್ಟಲಾರದು. ತಿಂಗಳುಗಟ್ಟಲೆ ತಡಕಾಡಿದರೂ ಸಿಗದಿದ್ದ ಸಾಲು ಅದೇ. ಅವರ ಕೈ ತಾನಾಗಿ ಅಂಚಿಗೆ ಹೋಯಿತು. "ಎತ್ತಿಕೊಂಡ ಕೈ ಎಲ್ಲಿದೆ" ಎಂದು ಅರ್ಧ ಬರೆಯುವಷ್ಟರಲ್ಲಿ ಕೋಣೆ ನಿಶ್ಶಬ್ದವಾದದ್ದು ಗಮನಕ್ಕೆ ಬಂತು. ತಲೆ ಎತ್ತಿದರು. ನಾದಿನಿ ಮಾತು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು.

"ಬರ್ಕೊಳ್ಳಿ ಭಾವ, ಬರ್ಕೊಳ್ಳಿ," ಎಂದಳು. "ಅವಳ ತಂಗಿ ತಾನೇ ನಾನು. ಕಾಯ್ತೀನಿ."

ಆ ಮಾತಿನಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟು ವರ್ಷ ಎದುರು ಕುರ್ಚಿಯಲ್ಲಿ ಕೂತವಳು ತಮ್ಮಷ್ಟೇ ಒಂಟಿಯಾಗಿದ್ದಳು, ತಾವು ಒಂಟಿಯಾದದ್ದು ಈ ವರ್ಷ, ಅವಳು ಮೊದಲಿನಿಂದಲೂ, ಎಂಬುದು ಸಾಹೇಬರಿಗೆ ಆಗ ತಿಳಿಯಿತು. ಪೆನ್ಸಿಲ್ ಕೆಳಗಿಟ್ಟರು. ನಾದಿನಿ ಎದ್ದು ಟೀ ಮಾಡಿಕೊಂಡು ಬಂದಳು. ಇಬ್ಬರೂ ಕುಡಿದರು, ಬಸ್ಸಿನ ಹೊತ್ತಾಯಿತೆಂದು ಅವಳು ಹೊರಟಳು.

ಅವಳು ಹೋದ ಮೇಲೆ ಸಾಹೇಬರು ಅರ್ಧ ಬರೆದದ್ದನ್ನು ರಬ್ಬರಿನಿಂದ ಅಳಿಸಿದರು. ಅಧ್ಯಾಯವನ್ನು ಇದ್ದ ಹಾಗೇ ಲಕೋಟೆಗೆ ಹಾಕಿ ಪ್ರಕಾಶಕಿಯ ವಿಳಾಸ ಬರೆದರು. ಕೊನೆಯ ಪುಟಗಳು ಸ್ವಲ್ಪ ಸಪ್ಪೆ ಎಂದು ಅವಳು ಅನ್ನುವಳು, ಅನ್ನಲಿ.

ಮರುದಿನ ಬೆಳಿಗ್ಗೆ ನಾದಿನಿಗೆ ಫೋನ್ ಮಾಡಿದರು. ಅವರಾಗಿ ಅವಳಿಗೆ ಫೋನ್ ಮಾಡಿದ್ದು ಅದೇ ಮೊದಲು. ಅವಳು ಗಾಬರಿಯಾದಳು. "ಏನಾಯ್ತು ಭಾವ? ಹುಷಾರಾಗಿದೀರಾ?"

"ಹುಷಾರಾಗಿದೀನಿ. ಅವಳು ಇನ್ನೇನು ಹೇಳ್ತಿದ್ಲು?"

"ಒಂದಾ ಎರಡಾ! ಎಲ್ಲಿಂದ ಶುರು ಮಾಡ್ಲಿ? ಪುಸ್ತಕಕ್ಕೆ ಬೇಕಾ?"

"ಪುಸ್ತಕಕ್ಕಲ್ಲ," ಎಂದರು ಸಾಹೇಬರು. "ನನಗೆ ಹೇಳ್ಬೇಕು ಅಂತಿದ್ದದ್ದು ತಾನೇ? ನನಗೇ ಹೇಳು."